ಬಿಟ್ಟ ಅಕ್ಷರವೂ ಬೆನ್ನುಹತ್ತುವುದೇಕೆ?

ಅಕ್ಷರಗಳನ್ನು ಎಳೆದು ಪದ ಕಟ್ಟುವ ಕನ್ನಡದ ಆಟಗಳನ್ನು ಹೊರಗಿನವರು ಮಾಡಿಕೊಡಲೆಂದು ಗಡಿನಾಡಿನ ಶಾಲೆಗಳು ಕಾಯಬೇಕಾಗಿಲ್ಲ. ಜಾವಾಸ್ಕ್ರಿಪ್ಟ್ ಕಲಿಯುತ್ತಿರುವ ನಮ್ಮ ಪ್ರೌಢಶಾಲೆಯ ಮಕ್ಕಳೇ ಅವನ್ನು ರಚಿಸಬಲ್ಲರು. ಆದರೆ ಅಂಥ ಆಟ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ.

ಒತ್ತುವುದು, ಸರಿಸುವುದು, ಬಿಡುವುದು ಇವೆಲ್ಲ ಬ್ರೌಸರಿಗೆ ‘ಇವೆಂಟ್’ಗಳು. ಅವು ಬಂದಾಗ ನಡೆಯಬೇಕೆಂದು ‘ಆಡ್‌ಇವೆಂಟ್‌ಲಿಸನರ್’ ಮೂಲಕ ನಾವು ನೇಮಿಸುವ ಫಂಕ್ಷನ್ನೇ ಲಿಸನರ್. ಅಕ್ಷರದ ಮೇಲೆ ‘ಪಾಯಿಂಟರ್‌ಡೌನ್’ ಲಿಸನರ್ ಸದಾ ಇರಬೇಕು. ‘ಪಾಯಿಂಟರ್‌ಮೂವ್’, ‘ಪಾಯಿಂಟರ್‌ಅಪ್’ಗಳ ಅಗತ್ಯವಾದರೋ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ. ಒತ್ತಿದಾಗ ಅವನ್ನು ಡಾಕ್ಯುಮೆಂಟಿಗೆ ಸೇರಿಸಿ, ಬಿಟ್ಟಾಗ ತೆಗೆಯಬೇಕು. ತೆಗೆಯದಿದ್ದರೆ ಬಿಟ್ಟ ಅಕ್ಷರವೂ ಮೌಸಿನ ಬೆನ್ನುಹತ್ತುತ್ತದೆ. ಅಂಕ ಕೊಡುವ ಲಿಸನರ್ ಪ್ರತಿ ಸಲವೂ ಹೊಸದಾಗಿ ಕೂಡಿಕೊಂಡರೆ ಎರಡನೆಯ ಪದಕ್ಕೆ ಎರಡು ಅಂಕ, ಮೂರನೆಯದಕ್ಕೆ ಮೂರು! ಮಗು ಹಿಗ್ಗಬಹುದು, ಅಂಕ ನಂಬಿ ಕಾಗುಣಿತದ ಮಟ್ಟ ಅಳೆಯುವ ತಾಯ್ತಂದೆಯರು ಮೋಸಹೋಗುತ್ತಾರೆ.

ತೆಗೆಯಲು ‘ರಿಮೂವ್‌ಇವೆಂಟ್‌ಲಿಸನರ್’ ಇದೆ. ಹಲವರು ಎಡವುವುದು ಇಲ್ಲಿಯೇ. ಸೇರಿಸುವಾಗ ಕೊಟ್ಟ ಇವೆಂಟ್, ಫಂಕ್ಷನ್, ಕ್ಯಾಪ್ಚರ್ ಆಯ್ಕೆ ಮೂರೂ ತೆಗೆಯುವಾಗ ಹೊಂದಬೇಕು. ಹೆಸರಿಲ್ಲದ ಫಂಕ್ಷನ್ನನ್ನು ಎರಡೂ ಕಡೆ ಒಂದೇ ರೀತಿ ಬರೆದರೂ ಬ್ರೌಸರಿಗೆ ಅವು ಎರಡು. ಅವಳಿ ಮಕ್ಕಳು ಹಾಜರಿಪುಸ್ತಕದಲ್ಲಿ ಇಬ್ಬರೇ ಅಲ್ಲವೆ? ಬ್ರೌಸರ್ ತಪ್ಪನ್ನೂ ತೋರಿಸದೆ ಸುಮ್ಮನಿರುತ್ತದೆ. ಆದಕಾರಣ ಫಂಕ್ಷನ್ನಿಗೆ ಹೆಸರಿಟ್ಟು, ಆ ಹೆಸರನ್ನೇ ಎರಡೂ ಕಡೆ ಕೊಡಬೇಕು.

‘ಒನ್ಸ್’ ಎಂಬ ಆಯ್ಕೆ ಕೊಟ್ಟರೆ ಲಿಸನರ್ ಒಮ್ಮೆ ನಡೆದು ತಾನೇ ಕಳಚಿಕೊಳ್ಳುತ್ತದೆ. ಇವೆಂಟ್ ಬರಲೇ ಇಲ್ಲದಿದ್ದರೆ? ಮೊಬೈಲಿನಲ್ಲಿ ಹಾಗಾಗುವುದುಂಟು. ಬೆರಳಿನ ಎಳೆತವನ್ನು ಬ್ರೌಸರ್ ಸ್ಕ್ರಾಲ್ ಎಂದು ಗ್ರಹಿಸಿದರೆ ‘ಪಾಯಿಂಟರ್‌ಅಪ್’ ಬದಲು ‘ಪಾಯಿಂಟರ್‌ಕ್ಯಾನ್ಸಲ್’ ಬರುತ್ತದೆ. ಮನೆಯಲ್ಲಿ ಮೊಬೈಲೇ ಕಂಪ್ಯೂಟರ್ ಆಗಿರುವಲ್ಲಿ ಇದನ್ನು ಮರೆಯಲಾಗದು; ಅದಕ್ಕೂ ಒಂದು ಲಿಸನರ್ ಬೇಕು.

ಹೀಗೆ ಮೂರಾದವನ್ನು ಒಟ್ಟಿಗೆ ತೆಗೆಯಲು ನಾವು ಮೆಚ್ಚುವ ದಾರಿ ‘ಅಬಾರ್ಟ್‌ಕಂಟ್ರೋಲರ್’. ಒತ್ತಿದಾಗ ಹೊಸದೊಂದನ್ನು ರಚಿಸಿ, ಅದರ ‘ಸಿಗ್ನಲ್’ ಅನ್ನು ಮೂರಕ್ಕೂ ಕೊಡುವುದು. ಬಿಟ್ಟಾಗಲೋ ರದ್ದಾದಾಗಲೋ ‘ಅಬಾರ್ಟ್’ ಕರೆಯುವುದು. ಹೆಸರಿಲ್ಲದ ಫಂಕ್ಷನ್ನಾದರೂ ಚಿಂತೆಯಿಲ್ಲ. ರದ್ದಾದ ಕಂಟ್ರೋಲರ್ ಮರುಬಳಕೆಗೆ ಬಾರದು; ಆದುದರಿಂದಲೇ ಪ್ರತಿ ಒತ್ತಿಗೂ ಹೊಸದು. 2021ಕ್ಕೂ ಹಿಂದಿನ ಬ್ರೌಸರಾದರೆ ಹಳೆಯ ಕ್ರಮವೇ ಸುರಕ್ಷಿತ.

ಕ್ರೋಮ್‌ನ ಕನ್ಸೋಲಿನಲ್ಲಿ ‘ಗೆಟ್‌ಇವೆಂಟ್‌ಲಿಸನರ್ಸ್’ಗೆ ಡಾಕ್ಯುಮೆಂಟನ್ನು ಕೊಟ್ಟರೆ ಉಳಿದಿರುವ ಲಿಸನರ್‌ಗಳ ಪಟ್ಟಿ ಕಾಣುತ್ತದೆ. ಹತ್ತು ಬಾರಿ ಎಳೆದು ಬಿಟ್ಟ ಮೇಲೂ ಅದು ಮೊದಲಿನಷ್ಟೇ ಇರಬೇಕು.