ಸಸಿಮಡಿಯಿಂದ ಗದ್ದೆಗೆ: ಹಾಲಕ್ಕಿ ಮಕ್ಕಳಿಗೆ ಪರಿಸರ ವಿಜ್ಞಾನದ ದಾರಿ

ಭತ್ತದ ಸಸಿಯನ್ನು ಮಡಿಯಿಂದ ಕಿತ್ತು ಗದ್ದೆಯಲ್ಲಿ ನೆಟ್ಟ ಮೊದಲ ವಾರ ಅದು ಹಳದಿಯಾಗಿ ಬಾಡಿದಂತೆ ಕಾಣುವುದು ರೈತ ಬಾಂಧವರಿಗೆಲ್ಲ ತಿಳಿದ ಸಂಗತಿ. ಹಾಗೆ ಕಂಡಿತೆಂದು ಯಾರೂ ಅದನ್ನು ಕಿತ್ತು ಬದುವಿಗೆ ಎಸೆಯುವುದಿಲ್ಲ. ಬೇರು ಹಿಡಿಯುವತನಕ ನೀರು ಕಾಯ್ದು, ಕಾದು ನೋಡುತ್ತೇವೆ. ಆದರೆ ಹಳ್ಳಿಯ ಕನ್ನಡ ಶಾಲೆಯಿಂದ ಪೇಟೆಯ ಕಾಲೇಜಿಗೆ ಹೋದ ನಮ್ಮದೇ ಮಕ್ಕಳು ಮೊದಲ ವರ್ಷ ಬಾಡಿದರೆ, "ಇವನಿಗೆ ವಿದ್ಯೆ ಹತ್ತದು" ಎಂದು ಮನೆಗೆ ಕರೆದುಕೊಂಡು ಬಿಡುತ್ತೇವೆ. ಸಸಿಗೆ ತೋರುವ ತಾಳ್ಮೆಯನ್ನು ಮಕ್ಕಳಿಗೂ ತೋರಬೇಕೆಂಬುದೇ ಈ ಲೇಖನದ ಉದ್ದೇಶ.

ಕಳೆದ ಮಳೆಗಾಲದ ಕೊನೆಯಲ್ಲಿ ಕಾರವಾರ ಮತ್ತು ಅಂಕೋಲಾ ನಡುವಿನ ತೋಡೂರಿಗೆ ಭತ್ತದ ಬೆಳೆ ನೋಡಲು ಹೋಗಿದ್ದೆ. ಗದ್ದೆ ನೋಡಿ ಮುಗಿದ ಮೇಲೆ ಹಾಲಕ್ಕಿ ರೈತರೊಬ್ಬರ ಮನೆಯ ಜಗುಲಿಯಲ್ಲಿ ಕುಳಿತೆವು. ಅವರು ಕೇಳಿದ್ದು ಗೊಬ್ಬರದ ಮಾತಲ್ಲ. "ಮಗಳು ಹತ್ತನೇ ತರಗತಿಯಲ್ಲಿದ್ದಾಳೆ. ಮುಂದೆ ಸಾಯನ್ಸಿಗೆ ಹಾಕುವುದೋ ಬೇಡವೋ? ಕಲಿತರೆ ಏನು ಕೆಲಸ ಸಿಗುತ್ತದೆ?" ಎಂದರು. ಈ ಪ್ರಶ್ನೆ ಅವರೊಬ್ಬರದಲ್ಲ. ಉತ್ತರ ಕನ್ನಡದ ಅನೇಕ ಕೊಪ್ಪಗಳಲ್ಲಿ ಇದೇ ಪ್ರಶ್ನೆ ಇದೆ.

ಅಕ್ಷರವಿಲ್ಲದ ವಿಜ್ಞಾನ

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಹೆಸರನ್ನು ಕೇಳದವರಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಈ ಹಾಲಕ್ಕಿ ಮಹಿಳೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಿನಗೂಲಿಯಾಗಿ ಸೇರಿ, ದಶಕಗಳ ಕಾಲ ಬೀಜ ಆರಿಸಿ ಸಸಿ ಬೆಳೆಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಅದೇ ತಾಲ್ಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಕಾಪಾಡಿ 2017ರಲ್ಲಿ ಪದ್ಮಶ್ರೀ ಪಡೆದವರು. ಅವರೂ 2025ರ ಫೆಬ್ರವರಿಯಲ್ಲಿ ನಿಧನರಾದರು. ಎರಡೇ ತಿಂಗಳಲ್ಲಿ ಈ ಸಮುದಾಯದ ಎರಡು ದೊಡ್ಡ ಮರಗಳು ಉರುಳಿದವು.

ತುಳಸಿ ಗೌಡರಿಗೆ ತಿಳಿದಿದ್ದುದು ಕೇವಲ ಪ್ರೀತಿಯಿಂದ ಬಂದ ವಿದ್ಯೆಯಲ್ಲ, ಅದು ಅಚ್ಚುಕಟ್ಟಾದ ಬೀಜ ವಿಜ್ಞಾನ. ಯಾವ ತಾಯಿಮರದಿಂದ ಯಾವ ವಾರ ಬೀಜ ತೆಗೆಯಬೇಕೆಂಬುದು ಸಣ್ಣ ಮಾತಲ್ಲ. ಹಲಸು, ಮುರುಗಲಿನಂತಹ ಬೀಜಗಳು ಒಣಗಿದರೆ ಸಾಯುತ್ತವೆ. ಇವನ್ನು ಹಸಿಯಾಗಿಯೇ ಬೇಗ ಬಿತ್ತಬೇಕು. ಸಾಗುವಾನಿಗೆ ಇದಕ್ಕೆ ವಿರುದ್ಧವಾದ ಉಪಚಾರ ಬೇಕು: ಗಟ್ಟಿ ಕಾಯನ್ನು ನೆನೆಸಿ, ಒಣಗಿಸಿ, ಮತ್ತೆ ನೆನೆಸಿದರೆ ಮೊಳಕೆ ಸುಧಾರಿಸುತ್ತದೆ. ಉಪ್ಪಾಗೆಯ ಬೀಜ ತಿಂಗಳುಗಟ್ಟಲೆ ಮಲಗಿರುತ್ತದೆ. ಅರಣ್ಯ ಕಾಲೇಜಿನ ವಿದ್ಯಾರ್ಥಿ ಇದನ್ನು ಪುಸ್ತಕದಲ್ಲಿ ಓದುತ್ತಾನೆ. ಕೊಪ್ಪದ ಮಗು ಇದನ್ನು ಅಜ್ಜಿಯ ಸೆರಗು ಹಿಡಿದು ನೋಡಿರುತ್ತದೆ. ಎರಡೂ ಒಬ್ಬರಲ್ಲೇ ಕೂಡಿದರೆ ಆಗುವ ಲಾಭವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ತುಳಸಿ ಗೌಡರನ್ನು ಹೊಗಳಿ ಸುಮ್ಮನಾದರೆ ಸಾಲದು. ಅಷ್ಟು ಬಲ್ಲವರು ಜೀವನದ ಬಹುಭಾಗ ದಿನಗೂಲಿಯಾಗಿಯೇ ದುಡಿದರು. ಅದೇ ತಿಳಿವಳಿಕೆಯ ಮೊಮ್ಮಗಳು ಪದವಿ ಪಡೆದು ಸಸ್ಯಕ್ಷೇತ್ರದ ಅಧಿಕಾರಿಯಾಗಿ ಬರುವಂತಾಗಬೇಕು.

ಈ ನೆಲಕ್ಕೆ ಈ ನೆಲದವರೇ ಏಕೆ ಬೇಕು?

ಕಾರವಾರ-ಅಂಕೋಲಾ ಸೀಮೆಯಲ್ಲಿ ಕಳೆದ 40 ವರ್ಷಗಳಲ್ಲಿ ನೆಲ ಬಹಳ ಬದಲಾಗಿದೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕರಾವಳಿಯ ಹಲವು ಹಳ್ಳಿಗಳು ಎದ್ದುಹೋದವು. ತೋಡೂರಿನಲ್ಲಿಯೂ ಆ ನಿರಾಶ್ರಿತರ ಕಾಲೋನಿ ಇದೆ. ಕೈಗಾದಲ್ಲಿ 2000ದಲ್ಲಿ ಅಣುವಿದ್ಯುತ್ತಿನ ವಾಣಿಜ್ಯ ಉತ್ಪಾದನೆ ಆರಂಭವಾಯಿತು. ಹೆದ್ದಾರಿ ಅಗಲವಾಯಿತು. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ನದಿಗಳು ದಡ ಮೀರಿ ಗದ್ದೆ ಮನೆಗಳಿಗೆ ನುಗ್ಗಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದು ಜನ ಸತ್ತರು. ಮಣ್ಣು ನದಿಗೆ ಬಿದ್ದ ರಭಸಕ್ಕೆ ಎದುರು ದಡದ ಉಳುವರೆಗೂ ನೀರು ನುಗ್ಗಿತು.

ಇವೆಲ್ಲ ಮಣ್ಣು, ನೀರು, ಕಾಡು, ಕಡಲುಗಳ ವಿಜ್ಞಾನಕ್ಕೆ ಸಂಬಂಧಪಟ್ಟ ವಿಷಯಗಳು. ಗುಡ್ಡದ ಮೇಲೆ ನೀರು ಯಾವ ದಾರಿಯಲ್ಲಿ ಇಳಿಯುತ್ತದೆ, ಯಾವ ಒರತೆ ಯಾವ ವರ್ಷ ಜಾಗ ಬದಲಿಸಿತು ಎಂಬುದನ್ನು ಅಲ್ಲೇ ಬಾಳುವವರು ಮೊದಲು ಕಾಣುತ್ತಾರೆ. ಆದರೆ ಕಂಡದ್ದನ್ನು ಅಳೆದು, ಬರೆದು, ಅಧಿಕಾರಿಗಳ ಮೇಜಿನ ಮೇಲೆ ಇಡಲು ಶಿಕ್ಷಣ ಬೇಕು. ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಅಳೆದ ಅಂಕಿ ಉಳಿಯುತ್ತದೆ.

ಕುಮಟಾ ಕಡೆಯ ಗಜನಿ ಗದ್ದೆಗಳ ಕಗ್ಗ ಭತ್ತ ಇನ್ನೊಂದು ಉದಾಹರಣೆ. ಉಪ್ಪುನೀರನ್ನೂ ಕೆಲವು ದಿನಗಳ ಮುಳುಗಡೆಯನ್ನೂ ತಾಳುವ ಈ ತಳಿಯನ್ನು ಕಾಪಾಡಿದವರು ವಿಜ್ಞಾನಿಗಳಲ್ಲ, ಸಾಗುವಳಿದಾರರು. ಸಮುದ್ರದ ಉಪ್ಪು ಗದ್ದೆಗೆ ಏರುವ ಭಯ ಹೆಚ್ಚುತ್ತಿರುವ ಈ ಕಾಲದಲ್ಲಿ ಅಂತಹ ತಳಿಗಳ ಮೇಲೆ ಕೆಲಸ ಮಾಡಲು ಗಜನಿಯಲ್ಲಿ ಕಾಲಿಟ್ಟು ಬೆಳೆದವರಿಗಿಂತ ಯೋಗ್ಯರು ಯಾರು?

ದಾರಿ ತೋರಿದ ಹಿರಿಯರು

ಈ ಕೆಲಸ ಹೊಸದಲ್ಲ. ಅಂಕೋಲಾ ಸೀಮೆಯ ಗೇಣಿದಾರರ ಪರವಾಗಿ ಹೋರಾಡಿದ ದಿನಕರ ದೇಸಾಯಿಯವರು, ರೈತನ ಮಗ ಓದದ ಹೊರತು ರೈತನಿಗೆ ಬಿಡುಗಡೆಯಿಲ್ಲವೆಂದು ಕಂಡುಕೊಂಡು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಹಳ್ಳಿಗಳಲ್ಲಿ ಜನತಾ ವಿದ್ಯಾಲಯಗಳನ್ನು ತೆರೆದರು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು ಅದೇ ಪ್ರಯತ್ನದ ಫಲ. ಅಂದು ಪ್ರೌಢಶಾಲೆಯ ಬಾಗಿಲು ತೆರೆಯಿತು. ಇಂದು ವಿಜ್ಞಾನದ ಬಾಗಿಲು ತೆರೆಯಬೇಕಾಗಿದೆ.

ಕಾಲೇಜುಗಳೂ ದೂರವಿಲ್ಲ. ಘಟ್ಟ ಹತ್ತಿದರೆ ಶಿರಸಿಯಲ್ಲಿ 1985ರಲ್ಲಿ ಆರಂಭವಾದ ಅರಣ್ಯ ಮಹಾವಿದ್ಯಾಲಯವಿದೆ. ಅಲ್ಲಿ ನಾಲ್ಕು ವರ್ಷದ ಅರಣ್ಯ ವಿಜ್ಞಾನ ಪದವಿ ದೊರೆಯುತ್ತದೆ. ವಲಯ ಅರಣ್ಯಾಧಿಕಾರಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಈ ಪದವೀಧರರಿಗೆ ಪಾಲಿದೆ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ನಡೆಯುತ್ತಿದೆ. ಕೃಷಿ ಪದವಿಯ ಕಾಲೇಜುಗಳು ಹಲವು.

ಒಂದು ಪಹಣಿಯ ಕಥೆ

ದಾರಿ ಇದೆಯೆಂದರೆ ಮುಟ್ಟಿದಂತಲ್ಲ. ಕೆಲವು ವರ್ಷಗಳ ಹಿಂದೆ ಇದೇ ಸೀಮೆಯ ಒಬ್ಬ ಹುಡುಗನನ್ನು ನಾನು ಬಲ್ಲೆ. ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದಿದ್ದ. ಕೃಷಿ, ಅರಣ್ಯ ಮುಂತಾದ ಪದವಿಗಳಿಗೆ ಸಿಇಟಿ ಮೂಲಕ ಪ್ರವೇಶ ಕೊಡುವಾಗ ಒಂದು ಪಾಲು ಸೀಟುಗಳನ್ನು ಕೃಷಿಕರ ಮಕ್ಕಳಿಗೆ ಮೀಸಲಿಡುತ್ತಾರೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು: ಬೀಜ, ಬೆಳೆ, ಉಪಕರಣ, ಗೊಬ್ಬರಗಳನ್ನು ಗುರುತಿಸಬೇಕು. ಪೇಟೆಯ ಮಕ್ಕಳು ಇದಕ್ಕೆ ತರಬೇತಿ ಪಡೆಯುತ್ತಾರೆ. ಈ ಹುಡುಗನಿಗೆ ಅದು ಮನೆಯ ಅಟ್ಟದ ಮೇಲಿನ ವಿದ್ಯೆ.

ಆದರೆ ಕೃಷಿಕ ಕುಟುಂಬವೆನ್ನಲು ಕಂದಾಯ ದಾಖಲೆ ಬೇಕು. ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇತ್ತು. ಪೌತಿ ಖಾತೆ ಮಾಡಿಸಲು ಓಡಾಡುವಷ್ಟರಲ್ಲಿ ದಿನಾಂಕ ಕಳೆಯಿತು. ಆತ ಈಗ ಗೋವೆಯ ಕಡೆ ಕೂಲಿಗೆ ಹೋಗುತ್ತಾನೆ. ಅವರ ಗದ್ದೆಗೆ ನಾನು ಎರಡು ವರ್ಷ ಹೋಗಿಬಂದಿದ್ದೆ. ಜಿಗಿಹುಳುವಿನ ಬಗ್ಗೆ ಹೇಳಿದೆ, ಪಹಣಿಯ ಬಗ್ಗೆ ಕೇಳಲಿಲ್ಲ. ಈ ತಪ್ಪು ನನ್ನದೂ ಹೌದು. ಅಂದಿನಿಂದ ರೈತರ ಮನೆಗೆ ಹೋದಾಗ ಬೆಳೆಯ ಜೊತೆಗೆ ಮಕ್ಕಳ ತರಗತಿಯನ್ನೂ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಹಾಲಕ್ಕಿಗಳು ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿಲ್ಲ. ಸೇರಿಸಬೇಕೆಂಬ ಬೇಡಿಕೆ ಬಹುಕಾಲದ್ದು. ಇದೇ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಆ ಪಟ್ಟಿಗೆ ಸೇರಿದರು. ಆ ತೀರ್ಮಾನ ಆಗುವಾಗ ಆಗಲಿ. ಆದರೆ ಮಗುವಿನ ವಯಸ್ಸು ಕಾಯುವುದಿಲ್ಲ. ಈಗ ಇರುವ ಸೌಲಭ್ಯಗಳನ್ನು ಪೂರ್ತಿ ಬಳಸಿಕೊಳ್ಳುವುದು ಜಾಣತನ.

ಪಾಲಕರು ಅನುಸರಿಸಬೇಕಾದ ಕ್ರಮಗಳು

1. ಮಗು ಎಂಟನೇ ತರಗತಿಗೆ ಬಂದಾಗಲೇ ಪಹಣಿ ಯಾರ ಹೆಸರಿನಲ್ಲಿದೆ ಎಂದು ನೋಡಿ, ಅಗತ್ಯವಿದ್ದರೆ ಪೌತಿ ಖಾತೆ ಮಾಡಿಸಬೇಕು. ಜಾತಿ, ಆದಾಯ ಪ್ರಮಾಣಪತ್ರಗಳಲ್ಲಿ ಹೆಸರಿನ ಅಕ್ಷರಗಳು ಶಾಲೆಯ ದಾಖಲೆಯೊಂದಿಗೆ ಹೊಂದುವಂತಿರಲಿ.

2. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳ ಜೊತೆಗೆ ಗಣಿತವನ್ನೂ ಇಟ್ಟುಕೊಂಡರೆ ಮುಂದಿನ ದಾರಿಗಳು ಹೆಚ್ಚು.

3. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಪ್ರತ್ಯೇಕ ಮೀಸಲಾತಿಗಳಿವೆ. ಇವಕ್ಕೆ ಮುಖ್ಯೋಪಾಧ್ಯಾಯರ ಮತ್ತು ಶಿಕ್ಷಣ ಇಲಾಖೆಯ ಸಹಿಯುಳ್ಳ ಪತ್ರವನ್ನು ಮೊದಲೇ ಪಡೆದಿಡಿ. ಕನ್ನಡ ಶಾಲೆ ಇಲ್ಲಿ ಕೊರತೆಯಲ್ಲ, ಅರ್ಹತೆ.

4. ವಿದ್ಯಾರ್ಥಿವೇತನ, ಹಿಂದುಳಿದ ವರ್ಗಗಳ ವಿದ್ಯಾರ್ಥಿ ನಿಲಯ, ನಿಲಯದಲ್ಲಿ ಜಾಗ ಸಿಗದವರಿಗಿರುವ ವಿದ್ಯಾಸಿರಿ ಯೋಜನೆ, ಇವುಗಳ ಆ ವರ್ಷದ ನಿಯಮ ಮತ್ತು ಕೊನೆಯ ದಿನಾಂಕವನ್ನು ತಾಲ್ಲೂಕು ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

5. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ವಿಜ್ಞಾನದ ಪದಗಳನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಜೋಡಿ ಜೋಡಿಯಾಗಿ ಬರೆಸಿ. ದಿನಕ್ಕೆ ಹತ್ತು ಪದವಾದರೆ ಎರಡು ತಿಂಗಳಿಗೆ ಆರುನೂರು. ಮಕ್ಕಳು ಪಿಯುಸಿಯಲ್ಲಿ ಎಡವುವುದು ಹೆಚ್ಚಾಗಿ ವಿಷಯದಿಂದಲ್ಲ, ಭಾಷೆಯಿಂದ. ಸಸಿಯ ಬೇರಿಗೆ ಮಡಿಯ ಮಣ್ಣು ಸ್ವಲ್ಪ ಅಂಟಿರುವಂತೆ, ಕನ್ನಡದ ಅರ್ಥ ಜೊತೆಗಿದ್ದರೆ ಹೊಸ ನೆಲದಲ್ಲಿ ಬೇಗ ಬೇರೂರುತ್ತಾರೆ.

6. ಮೊದಲ ವರ್ಷ ಅಂಕ ಕಡಿಮೆ ಬಂದರೆ ಧೃತಿಗೆಡಬೇಡಿ. ತಿಂಗಳಿಗೊಮ್ಮೆ ಕಾಲೇಜಿಗೆ ಹೋಗಿ ಉಪನ್ಯಾಸಕರನ್ನು ಕಾಣಿ.

ಕೊಪ್ಪದ ಹಿರಿಯರ ಪಾತ್ರ

ಹಾಲಕ್ಕಿ ಸಮಾಜದಲ್ಲಿ ಊರಗೌಡ, ಬುಧವಂತ, ಕೋಲಕಾರ ಎಂಬ ಕಟ್ಟುಪಾಡು ಇನ್ನೂ ಜೀವಂತವಾಗಿದೆ. ಮದುವೆ, ಸುಗ್ಗಿ, ವ್ಯಾಜ್ಯಗಳಿಗೆ ಸೇರುವ ಸಭೆಯಲ್ಲಿ ವರ್ಷಕ್ಕೊಮ್ಮೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ, ಕೊಪ್ಪದ ಯಾವ ಮಗು ಎಲ್ಲಿ ಸೇರುತ್ತಿದೆ ಎಂದು ಕೇಳುವ ರೂಢಿ ಹಾಕಬಹುದು. ಸಂದೇಶ ಮುಟ್ಟಿಸುವ ಕೋಲಕಾರನೇ ಅರ್ಜಿಯ ಕೊನೆಯ ದಿನಾಂಕವನ್ನೂ ಮನೆಮನೆಗೆ ಮುಟ್ಟಿಸಲಿ.

ಇನ್ನೊಂದು ಸಲಹೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಸಸ್ಯ, ಪ್ರಾಣಿ, ತಳಿಗಳ ದಾಖಲೆ ಬರೆಯಬೇಕು. ರಜೆಯಲ್ಲಿ ಕಾಲೇಜಿನ ಮಕ್ಕಳನ್ನು ಈ ಕೆಲಸಕ್ಕೆ ಕರೆಯಿರಿ. ಅಜ್ಜಿ ಹೇಳಲಿ, ಮೊಮ್ಮಗಳು ಬರೆಯಲಿ: ಗಿಡದ ಹೆಸರು, ಹೂ ಬಿಡುವ ತಿಂಗಳು, ಬೀಜ ಬಲಿಯುವ ಕಾಲ, ಮೊಳಕೆಗೆ ಹಿಡಿದ ದಿನಗಳು. ನಾಟಿ ಔಷಧಿಯ ಗುಟ್ಟುಗಳನ್ನು ಮಾತ್ರ ಮನೆಯವರ ಒಪ್ಪಿಗೆಯಿಲ್ಲದೆ ಬರೆಯಕೂಡದು. ಆ ಹುಡುಗಿಗೆ ಇದೇ ಮೊದಲ ವೈಜ್ಞಾನಿಕ ಕೆಲಸವಾಗುತ್ತದೆ, ಊರಿಗೆ ಉಳಿಯುವ ಆಸ್ತಿಯೂ ಆಗುತ್ತದೆ.

ಕಲಿತವರು ಊರು ಬಿಡುತ್ತಾರಲ್ಲ ಎಂಬ ಅಳುಕು ಹಲವರದು. ಅದರಲ್ಲಿ ಸತ್ಯವಿದೆ. ಆದರೆ ಕಲಿಯದವರೂ ಕೂಲಿಗಾಗಿ ಊರು ಬಿಡುತ್ತಿದ್ದಾರೆ. ಕಾಡು, ಕಡಲು, ಮಣ್ಣಿನ ವಿದ್ಯೆ ಕಲಿತವರಿಗೆ ಊರಿಗೆ ಮರಳಲು ಒಂದು ಕಾರಣವಾದರೂ ಇರುತ್ತದೆ.

ತೋಡೂರಿನ ಆ ರೈತರು ಈ ಬೇಸಿಗೆಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಟ್ಟರು. ಮಗಳು ವಿಜ್ಞಾನ ವಿಭಾಗಕ್ಕೆ ಸೇರಿದ್ದಾಳೆ. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದ ಅಂಕ ಕಡಿಮೆ ಬಂದಿದೆಯಂತೆ. "ಸಸಿ ಇನ್ನೂ ಹಳದಿ ಇದೆ, ನೋಡುವಾ" ಎಂದರು ತಂದೆ. ಬೆಳೆ ಬಲ್ಲವರ ಮಾತು ಅದು. ರೈತ ಬಾಂಧವರು ತಮ್ಮ ಮಕ್ಕಳ ವಿಷಯದಲ್ಲಿಯೂ ಹೀಗೆಯೇ ಕಾದು ನೋಡಿದರೆ ಫಸಲು ಕೈಗೆ ಬರುವುದರಲ್ಲಿ ಸಂದೇಹವಿಲ್ಲ.