ಹೆಗಲಿನ ಭಾರ ಇಳಿಸಿದ ಪೆಟ್ಟಿಗೆ

ರಾತ್ರಿ ಕಾರ್ಯಕ್ರಮಕ್ಕೆ ಹೊರಟ ಗಿಟಾರ್ ವಾದಕರ ಚೀಲದ ಜೇಬಿನಲ್ಲಿ ಈಗ ಒಂದು ಪುಟ್ಟ ಲೋಹದ ಪೆಟ್ಟಿಗೆ ಕೂತಿರುತ್ತದೆ. ಸೆಮೂರ್ ಡಂಕನ್ ಕಂಪನಿಯ ಪವರ್‌ಸ್ಟೇಜ್ 170 ಅಂಥದ್ದೊಂದು ಟ್ರಾನ್ಸಿಸ್ಟರ್ ಆಂಪ್. ತೂಕ ಸುಮಾರು ಒಂದು ಕಿಲೋ, ಶಕ್ತಿ 170 ವ್ಯಾಟ್. ಹಳೆಯ 100 ವ್ಯಾಟ್ ವಾಲ್ವ್ ಆಂಪನ್ನು ಮೆಟ್ಟಿಲು ಹತ್ತಿಸಿದವರಿಗೆ ಇದರ ಬೆಲೆ ಹೇಳಿ ತಿಳಿಸಬೇಕಿಲ್ಲ. ಅದು 20 ಕಿಲೋಗೆ ಕಡಿಮೆಯಿಲ್ಲದ ಹೊರೆ. ಆ ಭಾರ ಇಳಿಯಲು ಅರ್ಧ ಶತಮಾನ ಬೇಕಾಯಿತು.

ಭಾರವೆಲ್ಲ ಕಬ್ಬಿಣದ್ದು. ವಾಲ್ವ್ ಎಂಬ ಗಾಜಿನ ಕೊಳವೆ ಕೆಲಸ ಮಾಡುವುದು ನೂರಾರು ವೋಲ್ಟಿನಲ್ಲಿ, ಅದು ಹರಿಯಬಿಡುವ ಕರೆಂಟು ತೀರಾ ಕಡಿಮೆ. ಸ್ಪೀಕರಿಗೆ ಬೇಕಾದದ್ದು ಇದರ ತದ್ವಿರುದ್ಧ. ಇಬ್ಬರ ನಡುವೆ ಮಾತು ಕುದುರಿಸಲು ದಪ್ಪನೆಯ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಟ್ರಾನ್ಸಿಸ್ಟರಿಗೆ ಈ ಮಧ್ಯಸ್ಥ ಬೇಡ, ಅದು ಸ್ಪೀಕರನ್ನು ನೇರವಾಗಿ ದುಡಿಸಬಲ್ಲದು.

ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ. ನಮ್ಮ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ರೇಡಿಯೋ ವಾಲ್ವನ್ನೂ ಜರ್ಮೇನಿಯಂ ಟ್ರಾನ್ಸಿಸ್ಟರನ್ನೂ ಹೆಚ್ಚುಕಡಿಮೆ ಜೊತೆಯಲ್ಲೇ ತಯಾರಿಸತೊಡಗಿತು. ಅಲ್ಲಿ ತಯಾರಾದ ಇಎಲ್84 ವಾಲ್ವನ್ನು ಹೊರದೇಶದ ಆಂಪ್ ಪ್ರಿಯರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಹಳೆಯದರ ಮೇಲಿನ ಈ ಮೋಹಕ್ಕೆ ಕಾರಣವಿದೆ.

ಫೆಂಡರ್ ಕಂಪನಿ 1966ರಲ್ಲಿ ಟ್ರಾನ್ಸಿಸ್ಟರ್ ಆಂಪುಗಳ ಸಾಲನ್ನೇ ಮಾರುಕಟ್ಟೆಗೆ ಬಿಟ್ಟಿತು. ಅವು ಬಿಸಿಗೆ ಸೋತವು, ವೇದಿಕೆಯ ಮೇಲೇ ಕೈಕೊಟ್ಟವು, ಕೆಲವೇ ವರ್ಷಗಳಲ್ಲಿ ತೆರೆಮರೆಗೆ ಸರಿದವು. ಕೆಟ್ಟುಹೋಗುವುದನ್ನಾದರೂ ಕ್ರಮೇಣ ಸರಿಪಡಿಸಬಹುದಿತ್ತು. ನಾದದ ಮೇಲಿನ ದೂರು ಮಾತ್ರ ಬಹುಕಾಲ ಉಳಿಯಿತು. ‘ಸತ್ತ ದನಿ’ ಎಂದರು ವಾದಕರು. ಅವರ ಕಿವಿ ತಪ್ಪು ಹೇಳಿರಲಿಲ್ಲ.

ಎಂಟು ಓಮ್ ಎಂದು ಬರೆದಿರುವ ಸ್ಪೀಕರ್ ಎಲ್ಲ ಸ್ವರಕ್ಕೂ ಎಂಟು ಓಮ್ ಆಗಿರುವುದಿಲ್ಲ. ನೂರು ಹರ್ಟ್ಸಿನ ಆಸುಪಾಸಿನಲ್ಲಿ ಅದರ ಕೋನ್ ತನ್ನಷ್ಟಕ್ಕೆ ಜೋರಾಗಿ ತೂಗಾಡುತ್ತದೆ. ಅಲ್ಲಿ ಪ್ರತಿರೋಧ ಹಲವು ಪಟ್ಟು ಏರುತ್ತದೆ, ತಾರಸ್ವರಗಳ ಕಡೆಗೂ ಮತ್ತೆ ಏರುತ್ತದೆ. ಸ್ಪೀಕರಿನ ಮೇಲೆ ವಾಲ್ವ್ ಆಂಪಿನ ಹಿಡಿತ ಸಡಿಲ. ಪ್ರತಿರೋಧ ಏರಿದಲ್ಲಿ ಅದರ ವೋಲ್ಟೇಜೂ ಏರುತ್ತದೆ, ಮಂದ್ರಕ್ಕೆ ಗುಂಡಿಗೆ ತಟ್ಟುವ ತುಂಬುತನ, ತಾರಕ್ಕೆ ಹೊಳಪು ಬರುತ್ತದೆ. ಟ್ರಾನ್ಸಿಸ್ಟರ್ ಆಂಪಿನ ಹಿಡಿತ ಬಿಗಿ. ವೋಲ್ಟೇಜು ಎಲ್ಲೆಡೆ ಒಂದೇ ಸಮ, ಹಾಗಾಗಿ ಅದೇ ಸ್ಪೀಕರ್ ಸಪ್ಪೆಯಾಗಿ ಕೇಳುತ್ತದೆ. ಮನೆಯ ಹೈಫೈಗೆ ಇದು ಗುಣ. ಗಿಟಾರಿನಲ್ಲಿ ಸ್ಪೀಕರೂ ವಾದ್ಯದ ಒಂದು ಅಂಗ, ಅದರ ಕೈಕಟ್ಟಿದರೆ ವಾದ್ಯವನ್ನೇ ಕಟ್ಟಿದಂತೆ.

ಇದಕ್ಕೆ ಎರಡು ದಾರಿ ಹೊಳೆದವು. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ವಾಲ್ವನ್ನು ಅನುಕರಿಸಲು ಹೋಗದೆ ಟ್ರಾನ್ಸಿಸ್ಟರಿನ ತಿಳಿತನವನ್ನೇ ಸೊಗಸಾಗಿಸಿತು. ಅಬ್ಬರದ ಮೆಟಾಲಿಕಾ ತಂಡ ಕೂಡ ತಿಳಿನಾದ ಬೇಕಾದಾಗ ಅದರ ಮೊರೆಹೋಯಿತು. ಇನ್ನೊಂದು ದಾರಿ, ಸ್ಪೀಕರಿನ ಕರೆಂಟನ್ನು ಸಣ್ಣದೊಂದು ರೆಸಿಸ್ಟರಿನಿಂದ ಅಳೆದು ಆಂಪಿಗೆ ಹಿಂದಿರುಗಿಸಿ, ಬಿಗಿಹಿಡಿತವನ್ನು ಬೇಕೆಂದೇ ಸಡಿಲಿಸುವುದು. 1990ರ ದಶಕದ ಮಾರ್ಷಲ್ ವಾಲ್ವ್‌ಸ್ಟೇಟ್ ಹೀಗೆಯೇ ಮಾಡಿತು. ಇಡೀ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ಘಟ್ಟ ಇದು. ಯಂತ್ರವನ್ನು ಇನ್ನಷ್ಟು ಕರಾರುವಾಕ್ಕಾಗಿಸುವ ಹಟ ಬಿಟ್ಟ ಮೇಲಷ್ಟೇ ಅದು ವಾದ್ಯವಾಯಿತು.

ತೂಕ ಇಳಿಸಿದ್ದು ಕ್ಲಾಸ್-ಡಿ ಎಂಬ ಆಂಪ್ ವಿನ್ಯಾಸ. ಇಲ್ಲಿ ಟ್ರಾನ್ಸಿಸ್ಟರ್ ಸೆಕೆಂಡಿಗೆ ಲಕ್ಷಾಂತರ ಬಾರಿ ಆನ್ ಆಫ್ ಆಗುವ ಸ್ವಿಚ್ಚು ಮಾತ್ರ. ಅರ್ಧ ತೆರೆದು ಬೇಯುವ ಪ್ರಮೇಯವಿಲ್ಲ, ಶಾಖವಾಗಿ ಪೋಲಾಗುವುದು ತೀರಾ ಕಡಿಮೆ. ಅದೇ ಹೊತ್ತಿಗೆ ನಾದ ಕಟ್ಟುವ ಕೆಲಸವೂ ಕಾಲಬುಡದ ಪೆಡಲುಗಳಿಗೆ, 1998ರ ಲೈನ್ 6 ಪಾಡ್‌ನಿಂದ ಮೊದಲ್ಗೊಂಡು ಬಂದ ಡಿಜಿಟಲ್ ಸಾಧನಗಳಿಗೆ ಜಾರಿತ್ತು. ಉಳಿದದ್ದು ಆ ನಾದವನ್ನು ದೊಡ್ಡದು ಮಾಡುವ ಕೆಲಸವಷ್ಟೇ. ಧ್ವನಿವರ್ಧಕ ಸಲಕರಣೆಗೆ ಹೆಸರಾದ ಕ್ಯೂಎಸ್‌ಸಿ ಕಂಪನಿಯನ್ನು 1968ರಲ್ಲಿ ಶುರುಮಾಡಿದ್ದ ಪ್ಯಾಟ್ ಕ್ವಿಲ್ಟರ್ 2011ರಲ್ಲಿ ಮತ್ತೆ ಗಿಟಾರ್ ಆಂಪುಗಳಿಗೇ ಮರಳಿದರು.

ಕಡಿಮೆ ದುಡ್ಡಿನಲ್ಲಿ ಕೊಳ್ಳುವವರು ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬಾರದು. ಪವರ್‌ಸ್ಟೇಜಿನ ಆ 170 ವ್ಯಾಟ್ ಸಿಗುವುದು ನಾಲ್ಕು ಓಮಿಗೆ. ನಿಮ್ಮ ಸ್ಪೀಕರ್ ಕ್ಯಾಬಿನೆಟ್ ಎಂಟು ಓಮಿನದಾದರೆ ಹೆಚ್ಚುಕಡಿಮೆ ಅರ್ಧ, ಹದಿನಾರಾದರೆ ಅದರರ್ಧ. ಮೊದಲು ಕ್ಯಾಬಿನೆಟ್ಟಿನ ಹಿಂದೆ ಬರೆದದ್ದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ವ್ಯಾಟ್ ಇಮ್ಮಡಿಯಾದರೆ ಏರುವುದು ಬರೀ ಮೂರು ಡೆಸಿಬೆಲ್. ಕಿವಿಗೆ ಇಮ್ಮಡಿ ಅನ್ನಿಸಲು ಹತ್ತು ಪಟ್ಟು ವ್ಯಾಟ್ ಬೇಕು. ಹಾಗೆಂದು ತೀರಾ ಕಡಿಮೆಯದನ್ನೂ ಕೊಳ್ಳಬೇಡಿ. ವಾಲ್ವ್ ತನ್ನ ಮಿತಿ ಮೀರಿದಾಗ ಮೆಲ್ಲಗೆ ಬಾಗುತ್ತದೆ, ಟ್ರಾನ್ಸಿಸ್ಟರ್ ಚೂರಿಯಿಂದ ಕತ್ತರಿಸಿದಂತೆ ನಿಲ್ಲುತ್ತದೆ. ಆ ಅಂಚನ್ನು ಮುಟ್ಟದಷ್ಟು ಮೀಸಲು ಇರಬೇಕು. ಡ್ರಮ್ಸ್ ಇರುವ ತಂಡದಲ್ಲಿ ನಿಮ್ಮದೇ ಕ್ಯಾಬಿನೆಟ್ಟಿಗೆ ನೂರು ವ್ಯಾಟಿನ ಹತ್ತಿರ ಸಿಕ್ಕರೆ ನೆಮ್ಮದಿ. ಚಿಕ್ಕ ಸಭಾಂಗಣಕ್ಕೆ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ 44 ವ್ಯಾಟಿನ ಪೆಡಲ್ ಗಾತ್ರದ ಮ್ಯಾಗ್ನಂ ಸಾಕಾದೀತು. ದುಡ್ಡು ಇನ್ನೂ ಕಡಿಮೆಯಿದ್ದು ಹೊರುವ ಶಕ್ತಿ ಇದ್ದರೆ, ಸೌಂಡ್ಸ್‌ನವರು ಮಾರುವ ಸೆಕೆಂಡ್‌ಹ್ಯಾಂಡ್ ಧ್ವನಿವರ್ಧಕದ (ಪಿಎ) ಆಂಪೂ ಕೆಟ್ಟ ಆಯ್ಕೆಯಲ್ಲ. ಅದರ ಬಿಗಿಹಿಡಿತಕ್ಕೆ ಪೆಡಲಿನಲ್ಲೇ ಮಂದ್ರ, ತಾರಗಳನ್ನು ತುಸು ಏರಿಸಿಕೊಳ್ಳಬೇಕು.

ಗಣೇಶೋತ್ಸವದ ವೇದಿಕೆಯಲ್ಲಿ ಜನರೇಟರ್ ಮೇಲೆ ನುಡಿಸುವವರು ಹಿಂಬದಿಯಲ್ಲಿ 100–240 ವೋಲ್ಟ್ ಎಂದಿದೆಯೇ ನೋಡಿಕೊಳ್ಳಿ. ವೋಲ್ಟೇಜ್ ತುಸು ಏರಿಳಿದರೂ ಅಂಥ ಆಂಪ್ ತಾಳಿಕೊಳ್ಳುತ್ತದೆ. ವಾಲ್ವ್ ಆಂಪಿಗೆ ಸ್ಪೀಕರ್ ಇಲ್ಲದಿರುವುದು ಅಪಾಯ, ಟ್ರಾನ್ಸಿಸ್ಟರಿಗೆ ಶಾರ್ಟ್ ಆಗುವುದು, ಹೇಳಿದ್ದಕ್ಕಿಂತ ಕಡಿಮೆ ಓಮ್ ಸಿಕ್ಕಿಸುವುದು. ಕ್ಲಾಸ್-ಡಿಯ ಸ್ಪೀಕರ್ ಸಾಕೆಟ್ಟಿನಿಂದ ಮಿಕ್ಸರಿಗೆ ನೇರ ತಂತಿ ಎಳೆಯಬೇಡಿ, ಹಲವು ಆಂಪುಗಳಲ್ಲಿ ಅದರ ಎರಡೂ ತುದಿ ಜೀವಂತ. ಕ್ಯಾಬಿನೆಟ್ಟಿಗೆ ಗಿಟಾರಿನ ಕೇಬಲ್ ಕೂಡ ಬೇಡ. ಜ್ಯಾಕ್ ಒಂದೇ ಥರ ಕಂಡರೂ ಅದರೊಳಗಿನ ತಂತಿ ಕೂದಲೆಳೆಯಷ್ಟು, ಇಷ್ಟು ಕರೆಂಟು ಹೊರಲಾರದು. ದಪ್ಪ ತಂತಿಯ ಸ್ಪೀಕರ್ ಕೇಬಲ್ ಎರಡು ಮಾಡಿಸಿ, ಒಂದನ್ನು ಸದಾ ಚೀಲದಲ್ಲೇ ಬಿಟ್ಟಿರಿ.