ಗೆಳೆಯನಿಗೆ ಹೇಳಿದ ಗುಟ್ಟು: ಟಿಪ್ಪು, ಮಾರಿಷಸ್ ಮತ್ತು ಒಂದು ಪ್ರಕಟಣೆ

ಮೈಸೂರಿನ ಹೆಬ್ಬಾಳದಿಂದ ಮಾತಾಡ್ತಿದ್ದೀನಿ.

'ಮಿತ್ರ ದೇಶದ ಜೊತೆ ಸೇನಾ ಮಾಹಿತಿ ಹಂಚಿಕೆ' ಅಂತ ಯುದ್ಧದ ಸುದ್ದಿಗಳಲ್ಲಿ ಓದ್ತೀರಲ್ಲ, ಆ ಮಾಹಿತಿ ಹೊರಗೆ ಬಿದ್ರೆ ಏನಾಗುತ್ತೆ? ಉತ್ತರ ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲೇ ಇದೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನೋ ಜಗಳ ಇವತ್ತು ಬೇಡ. ರಾಜತಂತ್ರ ಮಾತ್ರ ನೋಡೋಣ.

1792ರಲ್ಲಿ ಬ್ರಿಟಿಷರು, ಮರಾಠರು, ನಿಜಾಮ ಮೂವರೂ ಸೇರಿ ಟಿಪ್ಪುವನ್ನ ಸೋಲಿಸಿದ್ರು. ಅರ್ಧ ರಾಜ್ಯ ಹೋಯ್ತು, ಇಬ್ಬರು ಮಕ್ಕಳನ್ನ ಒತ್ತೆ ಇಡಬೇಕಾಯ್ತು. ಅವನಿಗೂ ಒಬ್ಬ ಮಿತ್ರ ಬೇಕಿತ್ತು. 1797ರಲ್ಲಿ ಇಬ್ಬರು ದೂತರನ್ನ ಮಂಗಳೂರಿಂದ ಹಡಗಲ್ಲಿ ಫ್ರೆಂಚರ ಮಾರಿಷಸ್‌ಗೆ ಗುಟ್ಟಾಗಿ ಕಳಿಸಿದ.

ಗವರ್ನರ್ ಮಲಾರ್ಟಿಕ್ ಹತ್ರ ಕೊಡೋಕೆ ಸೈನ್ಯವೇ ಇರಲಿಲ್ಲ. ಹಾಗಾಗಿ 1798ರ ಜನವರಿ 30ರಂದು ಬಹಿರಂಗ ಪ್ರಕಟಣೆ ಹೊರಡಿಸಿಬಿಟ್ಟ: ಟಿಪ್ಪು ನಮ್ಮ ಮೈತ್ರಿ ಕೇಳಿದ್ದಾನೆ, ಇಂಗ್ಲಿಷರನ್ನ ಓಡಿಸೋಕೆ ಕಾಯ್ತಿದ್ದಾನೆ, ಇಷ್ಟ ಇರೋರು ಸೇನೆಗೆ ಸೇರಿ!

ಬಂದವರು ಸುಮಾರು ನೂರು ಜನ. ಆದ್ರೆ ಆ ಪ್ರಕಟಣೆ ಜೂನ್ ಹೊತ್ತಿಗೆ ಕಲ್ಕತ್ತಾದ ಪತ್ರಿಕೆಯಲ್ಲಿತ್ತು. ಆಗಷ್ಟೇ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನ ಬಿಡ್ತಾನಾ? ಸೆಪ್ಟೆಂಬರ್‌ನಲ್ಲಿ ನಿಜಾಮನ ಜೊತೆ ಒಪ್ಪಂದ ಮಾಡ್ಕೊಂಡು, ಅಲ್ಲಿದ್ದ ಫ್ರೆಂಚ್ ಪಡೆಯನ್ನೇ ವಿಸರ್ಜನೆ ಮಾಡಿಸಿದ. 1799ರ ಜನವರಿಯಲ್ಲಿ ಈಜಿಪ್ಟ್‌ನಿಂದ ನೆಪೋಲಿಯನ್ ಟಿಪ್ಪುಗೆ ಪತ್ರ ಬರೆದ. ಅದೂ ಜೆಡ್ಡಾದಲ್ಲಿ ಬ್ರಿಟಿಷರ ಕೈಗೆ ಸಿಕ್ತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ.

ಪ್ರಕಟಣೆ ಇಲ್ಲದಿದ್ರೂ ಯುದ್ಧ ಆಗ್ತಿತ್ತೇನೋ. ಆದ್ರೆ ಟಿಪ್ಪು ಸಿದ್ಧವಾಗೋ ಮೊದಲೇ ವೆಲ್ಲೆಸ್ಲಿಗೆ ನೆಪವೂ ಸಿಕ್ತು, ಸಮಯವೂ ಸಿಕ್ತು.

ಗಮನಿಸಿ, ಇಲ್ಲಿ ಮಲಾರ್ಟಿಕ್ ದ್ರೋಹಿ ಅಲ್ಲ. ಅವನಿಗೆ ಜನ ಬೇಕಿತ್ತು, ಅದಕ್ಕೆ ಗುಟ್ಟನ್ನ ಬಳಸ್ಕೊಂಡ. ಮಾಹಿತಿ ಕೊಟ್ಟ ಮೇಲೆ ಅದು ಮಿತ್ರನ ಅನುಕೂಲದ ಪ್ರಕಾರ ನಡೆಯುತ್ತೆ, ನಮ್ಮದರ ಪ್ರಕಾರ ಅಲ್ಲ. ಅದಕ್ಕೇ ಈಗ ದೇಶಗಳು ಮೊದಲು ಒಪ್ಪಂದ ಬರೀತಾವೆ. ಭಾರತ ಮತ್ತು ಅಮೆರಿಕ 2002ರಲ್ಲಿ ಸೇನಾ ಮಾಹಿತಿಯ ರಕ್ಷಣೆಗೆ ಸಹಿ ಹಾಕಿದ್ವು. ಉಪಗ್ರಹ ಮತ್ತು ನಕ್ಷೆ ಮಾಹಿತಿ ಹಂಚಿಕೊಳ್ಳೋ 'ಬೆಕಾ' ಒಪ್ಪಂದ ಆಗಿದ್ದು 2020ರಲ್ಲಿ. ಮೊದಲು ಬೀಗ, ಆಮೇಲೆ ಪೆಟ್ಟಿಗೆ.

ಮುಂದಿನ ಸಲ 'ಮಿತ್ರರು ಮಾಹಿತಿ ಹಂಚಿಕೊಂಡ್ರು' ಅನ್ನೋ ಸುದ್ದಿ ಬಂದ್ರೆ ಒಂದು ಪ್ರಶ್ನೆ ಕೇಳ್ಕೊಳ್ಳಿ: ಈ ಗುಟ್ಟು ಉಳಿಯೋದ್ರಿಂದ ಆ ಮಿತ್ರನಿಗೆ ಏನು ಲಾಭ?